ನಿಂತಲ್ಲೇ ಇಳಿಯುತ್ತಿದ್ದ ಸೀ ಹ್ಯಾರಿಯರ್

ನಮ್ಮ ಬೆಳಗಾವಿಯ ರಾಮತೀರ್ಥ ನಗರದಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರೆಲ್ಲ ಬೀಚ್ ನೋಡಿ ಬರ್ತಾರೆ. ಅದೇ ಗೋವಾದ ದಾಬೋಳಿಯಲ್ಲಿ 1983ರಿಂದ 2016ರ ಮೇ ತಿಂಗಳವರೆಗೆ ನಮ್ಮ ನೌಕಾಪಡೆಯ ಸೀ ಹ್ಯಾರಿಯರ್ ಜೆಟ್‌ಗಳು ಇದ್ದವು.

ಅದರ ಪೆಗಾಸಸ್ ಎಂಜಿನ್ನಿಗೆ ತಿರುಗುವ ನಾಲ್ಕು ನಳಿಕೆ. ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದೆ ನುಗ್ಗುತ್ತದೆ, ಕೆಳಕ್ಕೆ ತಿರುಗಿಸಿದರೆ ಗಾಳಿಯಲ್ಲೇ ನಿಲ್ಲುತ್ತದೆ. ಐಎನ್ಎಸ್ ವಿರಾಟ್ ಹಡಗಿನ ಮೇಲೇರಿದ ಮೂತಿಯಿಂದ ಓಡಿ ಹಾರಿ, ವಾಪಸ್ ಬಂದು ನೆಟ್ಟಗೆ ಇಳಿಯುತ್ತಿತ್ತು.

ನನಗೆ ಹೆಚ್ಚು ಹೆಮ್ಮೆ ಅದರ ಎರಡನೇ ಬದುಕಿನ ಬಗ್ಗೆ. ಹಳೆಯ ಬ್ಲೂ ಫಾಕ್ಸ್ ರಾಡಾರ್ ತೆಗೆದು ಇಸ್ರೇಲಿನ ಹೊಸ ರಾಡಾರ್ ಕೂರಿಸಿದರು, ಕಣ್ಣಿಗೆ ಕಾಣದಷ್ಟು ದೂರದ ಗುರಿ ಹೊಡೆಯುವ ಡರ್ಬಿ ಕ್ಷಿಪಣಿ ಕೊಟ್ಟರು. ಆ ಕೆಲಸದಲ್ಲಿ ನಮ್ಮ ಎಚ್‌ಎಎಲ್ ಕೈಯೂ ಇತ್ತು. ಹೊಸದನ್ನು ಕೊಳ್ಳುವುದಷ್ಟೇ ಸಾಧನೆಯಲ್ಲ. ಇದ್ದುದನ್ನು ಇಷ್ಟು ಹರಿತ ಮಾಡುವುದಕ್ಕೂ ದೊಡ್ಡ ವಿದ್ಯೆ ಬೇಕು.

ಈಗ ನಮ್ಮ ಹತ್ತರಗಿಯಲ್ಲೇ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ನಮ್ಮ ಹುಡುಗರಿಗೆ ಈ ವಿದ್ಯೆ ದೂರದ್ದಲ್ಲ.

ಮುಂದಿನ ಸಲ ಗೋವಾಕ್ಕೆ ಹೋದಾಗ ಮಕ್ಕಳನ್ನು ವಾಸ್ಕೋ ಹತ್ತಿರದ ನೌಕಾ ವಿಮಾನ ಸಂಗ್ರಹಾಲಯಕ್ಕೆ ಕರಕೊಂಡು ಹೋಗ್ರಿ. ಅಲ್ಲಿ ಸೀ ಹ್ಯಾರಿಯರ್ ಇಟ್ಟಿದ್ದಾರೆ. ಆ ನಳಿಕೆಗಳನ್ನು ತಪ್ಪದೆ ತೋರಿಸ್ರಿ.