ಬಿಸಿಲನಾಡಿನಲ್ಲಿ ಬ್ಯಾಟರಿಯ ಬಂಡಿ

ವಾಡಿ ದಾಟಿದ ರೈಲು ಶಹಾಬಾದನ್ನು ಸಮೀಪಿಸುತ್ತಿದ್ದಂತೆ ಕಲ್ಲುಚಪ್ಪಡಿಗಳ ರಾಶಿಗಳು ಕಣ್ಣಿಗೆ ಬೀಳತೊಡಗುತ್ತವೆ. ಈ ಕಲ್ಲನ್ನು ಅರಿಯದೆ ಕಲಬುರಗಿಯನ್ನು ಅರಿಯಲಾಗದು. ಇಲ್ಲಿನ ಹಳೆಯ ಮನೆಗಳ ನೆಲ, ಗೋಡೆ, ಮೆಟ್ಟಿಲು, ಹಲವೆಡೆ ಮೇಲಿನ ಮಾಡು ಕೂಡ ಅದೇ. ಹಗಲೆಲ್ಲ ಸೂರ್ಯನಿಂದ ಪಡೆದ ಸಾಲವನ್ನು ಅದು ರಾತ್ರಿಯಲ್ಲಿ ಬಡ್ಡಿಸಹಿತವಾಗಿ ಮನೆಯವರಿಗೆ ತೀರಿಸುತ್ತದೆ! ಮೇ ತಿಂಗಳಿನಲ್ಲಿ 42-43 ಡಿಗ್ರಿ ಉಷ್ಣತೆ ಇಲ್ಲಿ ಸುದ್ದಿಯೇ ಅಲ್ಲ. ಉತ್ತರ ಪತ್ರಿಕೆಗಳ ಮೌಲ್ಯಮಾಪನದ ನಿಮಿತ್ತ ನಾನು ಈ ಊರನ್ನು ಕಂಡದ್ದು ಅಂಥ ದಿನಗಳಲ್ಲಿಯೇ.

1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನಾಗಿ ಆರಿಸಿಕೊಂಡ ಊರಿದು. ಕೋಟೆಯೊಳಗಿನ ಜಾಮಿ ಮಸೀದಿ 1367ರಷ್ಟು ಹಳೆಯದು. ಬೇರೆ ಮಸೀದಿಗಳಲ್ಲಿರುವಂತೆ ಇದಕ್ಕೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡ ಗುಮ್ಮಟಗಳ ಅಡಿಯಲ್ಲಿದೆ. ಕಟ್ಟಿದವರ ಉದ್ದೇಶವೇನಿತ್ತೋ, ನಡುಹಗಲಿನಲ್ಲಿ ಆ ಕಮಾನುಗಳ ನೆರಳನ್ನು ಹೊಕ್ಕವನು ಮಾತ್ರ ಅವರನ್ನು ಮನಸಾರೆ ಹರಸದೆ ಇರಲಾರ.

ನಾನು ಇಳಿದುಕೊಂಡದ್ದು ಹಳೆಯ ಓಣಿಯೊಂದರಲ್ಲಿ, ಅಧ್ಯಾಪಕ ಮಿತ್ರರ ಮನೆಯಲ್ಲಿ. ಬೀದಿಗೆ ಒಂದೇ ಬಾಗಿಲು. ಒಳಗೆ ಕಿರಿದಾದ ಪಡಸಾಲೆ. ಅದರ ಪಕ್ಕದಿಂದಲೇ ಮಾಳಿಗೆಗೆ ಏರುವ ಮೆಟ್ಟಿಲು. ರಾತ್ರಿ ಒಳಗೆ ಮಲಗುವುದು ಅಸಾಧ್ಯವಾದ್ದರಿಂದ ವೃದ್ಧ ತಾಯಿಯಿಂದ ಹಿಡಿದು ಎಂಟು ವರ್ಷದ ಮಗಳವರೆಗೆ ಎಲ್ಲರ ಹಾಸಿಗೆಯೂ ಮಾಳಿಗೆಯ ಮೇಲೆ. ಊಟ ಮುಗಿದ ಮೇಲೆ ಮಿತ್ರರು ತಮ್ಮ ವಿದ್ಯುತ್ ಸ್ಕೂಟರನ್ನು ಪಡಸಾಲೆಗೆ ತಂದು, ಮೆಟ್ಟಿಲಿನ ಬುಡದಲ್ಲಿ ನಿಲ್ಲಿಸಿ, ಉದ್ದನೆಯ ವೈರೊಂದಕ್ಕೆ ಚಾರ್ಜರನ್ನು ಸಿಕ್ಕಿಸಿದರು. ಸಂಜೆಯೆಲ್ಲ ಓಡಾಡಿ ಬಂದ ಬಂಡಿ. ಬ್ಯಾಟರಿಯ ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು.

“ಇದನ್ನು ಇಲ್ಲಿಯೇ ಇಡುತ್ತೀರಾ?” ಎಂದೆ.

“ಬ್ಯಾರೆ ಎಲ್ಲಿ ಜಾಗ ಅದರಿ ಸರ? ಹೊರಗ ಬಿಟ್ರ ಕಳ್ಳರ ಕಾಟ,” ಎಂದರು ಮಿತ್ರರು.

ಮಾತು ನ್ಯಾಯವಾದದ್ದೇ. ಆದರೆ ಮಾಳಿಗೆಯಿಂದ ಕೆಳಗಿಳಿಯುವ ದಾರಿ ಅದೊಂದೇ ಎಂಬುದು ನನ್ನ ನಿದ್ದೆಯನ್ನು ಕಿತ್ತುಕೊಂಡಿತು.

ಬಿಸಿಲೊಂದರಿಂದಲೇ ಬ್ಯಾಟರಿ ಹೊತ್ತಿಕೊಳ್ಳುವುದಿಲ್ಲ. ಲಿಥಿಯಂ ಕೋಶದೊಳಗೆ ಧನ, ಋಣ ಫಲಕಗಳನ್ನು ಅಗಲಿಸಿರುವ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿದೆ. ಅನೇಕ ಕೋಶಗಳಲ್ಲಿ ಅದು ಕರಗುವುದು ಸುಮಾರು 130 ಡಿಗ್ರಿಯಲ್ಲಿ. ತಯಾರಿಕೆಯ ದೋಷದಿಂದಲೋ, ಪೆಟ್ಟು ತಗುಲಿಯೋ, ಮಿತಿಮೀರಿ ಚಾರ್ಜ್ ಆಗಿಯೋ ಕೋಶವೊಂದು ಕಾದು ಆ ಪೊರೆ ಕೆಟ್ಟಿತೆಂದರೆ, ಶಾಖವೇ ಶಾಖವನ್ನು ಹಡೆಯತೊಡಗುತ್ತದೆ. ಒಂದರಿಂದ ಅದರ ನೆರೆಯದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೆಂಕಿ ದಾಟುತ್ತದೆ. ಕಬ್ಬಿಣ-ಫಾಸ್ಫೇಟ್ ಬಳಸಿದ ಕೋಶಗಳು ಶಾಖವನ್ನು ಹೆಚ್ಚು ತಾಳುತ್ತವೆ, ಅವಕ್ಕೂ ಅಭಯಪತ್ರವೇನಿಲ್ಲ. ಬೇಸಿಗೆಯ ಪಾತ್ರವೆಂದರೆ ಈ ಅಪಾಯಕ್ಕಿರುವ ಅಂತರವನ್ನು ಕಿರಿದುಗೊಳಿಸುವುದು. ಇಂಥ ಕೋಶಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಮೇಲ್ಮಿತಿ 45 ಡಿಗ್ರಿ. ಹಗಲಿನ ಗಾಳಿಯೇ ಅದರ ಹೊಸ್ತಿಲಲ್ಲಿ ನಿಂತಿರುವ ಊರಿನಲ್ಲಿ, ಓಡಿ ದಣಿದ ಬ್ಯಾಟರಿಗೆ ತಣಿಯಲು ಒಂದು ಗಂಟೆಯಾದರೂ ಕೊಡದೆ ವಿದ್ಯುತ್ತನ್ನು ತುಂಬುವುದೆಂದರೇನು!

2022ರ ಬೇಸಿಗೆ ಇದನ್ನು ದೇಶಕ್ಕೆಲ್ಲ ತೋರಿಸಿತು. ಆ ಮಾರ್ಚಿನಲ್ಲಿ ವೆಲ್ಲೂರಿನ ಮನೆಯೊಂದರಲ್ಲಿ ರಾತ್ರಿ ಚಾರ್ಜಿಗಿಟ್ಟ ಬಂಡಿ ಹೊತ್ತಿಕೊಂಡು, ತಂದೆ ಮತ್ತು ಮಗಳು ಹೊಗೆಯಲ್ಲಿ ಉಸಿರುಕಟ್ಟಿ ತೀರಿಕೊಂಡರು. ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ವಸತಿಗೃಹವೊಂದರ ಕೆಳಗಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಬೆಂಕಿಯೆದ್ದು, ಮೇಲಿನ ಕೋಣೆಗಳಿಗೆ ಹೊಗೆ ನುಗ್ಗಿ ಎಂಟು ಮಂದಿ ಮಡಿದರು. ಎರಡೂ ಕಡೆ ಹೊಗೆಯೇ ಮೃತ್ಯುವಾಯಿತು. ಅದೇ ಡಿಸೆಂಬರ್ 1ರಿಂದ ಬ್ಯಾಟರಿಗಳ ಸುರಕ್ಷತಾ ನಿಯಮಗಳು ಬಿಗಿಯಾದವು. ಹೊಸ ಬಂಡಿಗಳ ಮಟ್ಟಿಗೆ ಇದು ನೆಮ್ಮದಿಯ ಮಾತು. ನಮ್ಮ ಮಿತ್ರರದು ಅದಕ್ಕೂ ಹಿಂದಿನದು. ಪೆಟ್ರೋಲಿನ ಬಂಡಿಗೂ ಬೆಂಕಿ ಹತ್ತುವುದುಂಟಲ್ಲ ಎಂದು ವಾಚಕರು ಕೇಳಬಹುದು. ಹೌದು, ಆದರೆ ಯಾರೂ ಮನೆಮಂದಿಯೆಲ್ಲ ಮಲಗಿರುವಾಗ ಮೆಟ್ಟಿಲಿನ ಬುಡದಲ್ಲಿ ಪೆಟ್ರೋಲನ್ನು ತುಂಬಿಸುತ್ತ ಕೂರುವುದಿಲ್ಲ.

ಬೆಳಿಗ್ಗೆ ರೊಟ್ಟಿ, ಶೇಂಗಾಹಿಂಡಿಯ ಮುಂದೆ ಕುಳಿತು ಇದನ್ನೆಲ್ಲ ಹೇಳಿದೆ. ಮಿತ್ರರು ಸುಮ್ಮನೆ ಕೇಳುತ್ತಿದ್ದರು. ಅವರ ತಾಯಿ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಹಂಗಾರ ಅದಕ್ಕ ಬೆಂಕಿ ಹತ್ತಿದ್ರ ನಾ ಎಲ್ಲಿಂದ ಇಳೀಬೇಕಪಾ?” ಎಂದು ಮಗನನ್ನು ಕೇಳಿದರು. ಮಗನ ಬಳಿ ಉತ್ತರವಿರಲಿಲ್ಲ.

ಸಂಜೆ ನಾನು ಮೌಲ್ಯಮಾಪನ ಮುಗಿಸಿ ಹಿಂದಿರುಗಿದಾಗ ಎಲೆಕ್ಟ್ರಿಷಿಯನ್ ಒಬ್ಬ ಬಾಗಿಲಿನಿಂದ ದೂರವಾಗಿ, ಹೊರಗೋಡೆಯ ನೆರಳಿನಲ್ಲಿ, ಅರ್ಥಿಂಗ್ ಸಹಿತವಾದ ಪಾಯಿಂಟನ್ನು ಕೂರಿಸುತ್ತಿದ್ದ. ಉದ್ದನೆಯ ವೈರು ಮೂಲೆಗೆ ಸೇರಿತ್ತು. ಚಾರ್ಜಿಗೆ ಹಚ್ಚುವ ವೇಳೆಯೂ ಬದಲಾಯಿತು: ಇನ್ನು ಬೆಳಗಿನ ಜಾವ ಐದಕ್ಕೆ, ಕಲ್ಲು ತಣಿದಿರುತ್ತದೆ, ಮನೆಯಲ್ಲಿ ಒಬ್ಬರಾದರೂ ಎಚ್ಚರವಿರುತ್ತಾರೆ. ಕಳ್ಳರ ಭಯಕ್ಕೆ ಕಿಟಕಿಯ ಸರಳಿಗೆ ಬಿಗಿಯುವ ದಪ್ಪನೆಯ ಸರಪಳಿಯೊಂದು ಬಂದಿತ್ತು. ಮಳೆಗಾಲಕ್ಕೆ ಮುಂಚೆ ಪಾಯಿಂಟಿಗೆ ನೀರು ತಾಗದಂಥ ಮುಚ್ಚಳವನ್ನು ಹಾಕಬೇಕೆಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಅಜ್ಜಿ ಮೊಮ್ಮಗಳಿಂದ ಕ್ಯಾಲೆಂಡರಿನ ಮೇಲೆ ಬರೆಸುತ್ತಿದ್ದರು.