ಕಣ್ಣಿರುವ ಗೆಡ್ಡೆ

ಬೇಸಿಗೆ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಹಾಸನಕ್ಕೆ ಹೊರಟು ನಿಂತವಳು, ಬ್ಯಾಗು ಹೆಗಲಿಗೇರಿಸಿಕೊಂಡು ಮೆಲ್ಲಗೆ ಕೇಳಿದಳು: “ಅಕ್ಕ, ಹೊಸ ಗೆಡ್ಡೆ ಏನಾದ್ರೂ ಇದ್ಯಾ?”

ಅಡುಗೆಮನೆಯಲ್ಲಿದ್ದ ಅಮ್ಮನ ಕಿವಿಗೆ ಬೇರೆಲ್ಲ ಮಾತು ತಪ್ಪಿದರೂ ಗೆಡ್ಡೆ ಎಂಬ ಮಾತು ತಪ್ಪುವುದಿಲ್ಲ. ಎರಡೇ ನಿಮಿಷದಲ್ಲಿ ಬಾಳೆಪಟ್ಟೆಯಲ್ಲಿ ಸುತ್ತಿದ ಮೂರು ಡೇರೆ ಗೆಡ್ಡೆ ಹಿಡಿದು ಹೊರಬಂದಳು. “ಎರಡು ಕೆಂಪಿಂದು, ಒಂದು ಬಿಳೀದು. ರೋಹಿಣಿ ಮಳೆ ಹಿಡಿಯೋದ್ರೊಳಗೆ ನೆಟ್ಟುಬಿಡು. ನಿಮ್ಮಮ್ಮಂಗೆ ಹೇಳು, ಅವಳ ಹತ್ರ ಇರೋ ನೇರಳೆದು ನಂಗೆ ಬರಬೇಕು.” ಮೂರನೇ ಮಹಡಿಯ ಬಾಡಿಗೆ ಮನೆಯ ಹುಡುಗಿ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಅವಳು ಕೇಳಿದ್ದು ಡೇರೆಯನ್ನಲ್ಲ, ನೋಡಲು ಒಂದು ಹೊಸ ಆನಿಮೆಯನ್ನು, ಅಂದರೆ ಜಪಾನಿ ಕಾರ್ಟೂನನ್ನು. ಬಸ್ಸಿನ ಹಾರ್ನು ಕೇಳಿದ ಮೇಲೆ ಗೇಟಿನ ಹತ್ತಿರ ಅವಳ ಕಿವಿಯಲ್ಲಿ ಹೇಳಿ ಕಳಿಸಿದೆ: “ಬರಾಕಮೋನ್. ಹನ್ನೆರಡೇ ಎಪಿಸೋಡ್. ಪರೀಕ್ಷೆ ಮುಗಿದ ಮೇಲೆ ನೋಡು, ಮುಂಚೆ ಬೇಡ.”

ಈ ಕೊಡು-ಕೊಳ್ಳುವಿಕೆಗೆ ಸರಿಯಾದ ಕನ್ನಡ ಮಾತಿಲ್ಲವೆಂದು ನಾವು ಸುಮಾರು ತಲೆ ಕೆಡಿಸಿಕೊಂಡಿದ್ದೆವು. ಶಿಫಾರಸು ಎಂದರೆ ನಮ್ಮ ಕಡೆ ಎಮ್ಮೆಲ್ಲೆ ಹತ್ತಿರ ಬರೆಸಿಕೊಂಡು ಬರುವ ಕಾಗದ. ಅದಕ್ಕೆ ವರ್ಗಾವಣೆಯ ವಾಸನೆ. ಸಲಹೆ ಎಂದರೆ ಕೇಳದೇ ಸಿಗುವಂಥದ್ದು. ‘ಸಜೆಸ್ಟ್ ಮಾಡು’ ಎಂದರೆ ಸೀರೆ ಅಂಗಡಿಯಲ್ಲಿ ನಿಂತಂತಾಗುತ್ತದೆ. ಕೊನೆಗೆ ಅಮ್ಮನ ಕಸುಬಿನಿಂದಲೇ ಮಾತನ್ನು ಕದ್ದೆವು. ಗೆಡ್ಡೆ ಕೇಳುವುದು, ಗೆಡ್ಡೆ ಕೊಡುವುದು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಮಲೆನಾಡಿನ ಹೆಂಗಸರಲ್ಲಿ ಇದ್ದೇ ಇದೆ. ಹಾಸ್ಟೆಲ್ಲಿನ ದಿನಗಳಲ್ಲಿ ಹಾರ್ಡ್‌ಡಿಸ್ಕಿನಿಂದ ಹಾರ್ಡ್‌ಡಿಸ್ಕಿಗೆ ಹಾರಿ ಬಂದ ಆನಿಮೆಗಳನ್ನು ನೋಡುವಾಗ ನಾವೂ ಅದೇ ನಂಬಿಕೆಯ ಆಸರೆ ಪಡೆಯುತ್ತಿದ್ದೆವು. ಈಗ ದುಡ್ಡು ಕೊಟ್ಟೇ ನೋಡುತ್ತೇನೆ. ಆದರೂ ಆಗಿನಷ್ಟು ಚೆನ್ನಾಗಿ ‘ಬರುವುದಿಲ್ಲ’ ಎಂದು ಒಮ್ಮೊಮ್ಮೆ ಅನಿಸುವುದು ಸುಳ್ಳಲ್ಲ.

ನಮ್ಮೂರು ಬಿಸಿಲೆಯ ಹೆಸರು ನಂಬಿ ಬಿಸಿಲಿನ ಊರೆಂದುಕೊಂಡು ಬಂದವರಿಗೆ ಆಷಾಢ ತಕ್ಕ ಪಾಠ ಕಲಿಸುತ್ತದೆ. ಸಕಲೇಶಪುರದಿಂದ ಹೆತ್ತೂರು, ವಣಗೂರು ದಾಟಿ ಬಂದರೆ ನಮ್ಮ ಕಾಡು. ಘಾಟಿ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ. ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರ ಪರ್ವತ ಕಾಣಬೇಕು. ಜೂನ್ ಕೊನೆಯಿಂದ ಆಶ್ಲೇಷ ಮಳೆ ಮುಗಿಯುವ ತನಕ ಕಾಣುವುದು ಬರೀ ಬಿಳಿ. ಮರ ಬಿದ್ದು ಕರೆಂಟು ಹೋದರೆ ಲೈನ್‌ಮನ್ ಬರುವವರೆಗೆ ದೇವರೇ ಗತಿ. ಫೋನಿನ ಸಿಗ್ನಲ್ ನಮ್ಮ ಮನೆಗೆ ಇಳಿಯುವುದೇ ಇಲ್ಲ. ತೋಟದ ತಲೆಯಲ್ಲಿ ಒಂದು ಬಂಡೆಯಿದೆ. ಅದರ ಮೇಲೆ ನಿಂತು, ಬಲಗೈ ಎತ್ತಿ ಹಿಡಿದರೆ ಎರಡು ಗೀಟು ಬರುತ್ತದೆ. ಇಪ್ಪತ್ನಾಲ್ಕು ನಿಮಿಷದ ಒಂದು ಎಪಿಸೋಡ್ ಇಳಿಸಿಕೊಳ್ಳಬೇಕಾದರೆ ಕೊಪ್ಪೆ ಹೊದ್ದು ಬಂಡೆ ಹತ್ತಿ, ಇಳಿದು ಬಂದು, ಕಾಲ್ಬೆರಳ ಸಂದಿಯಿಂದ ಜಿಗಣೆ ಕೀಳಬೇಕು. ಹೀಗಾಗಿ ನಮಗೆ ಗೆಡ್ಡೆ ಕೊಡುವವರು ಸುಮ್ಮನೆ ಬಾಯಿಗೆ ಬಂದದ್ದು ಹೇಳುವಂತಿಲ್ಲ. ‘ಸೂಪರ್ ಇದೆ ನೋಡು’ ಎಂದು ಬೆಂಗಳೂರಿನವರು ದಿನಕ್ಕೆ ಹತ್ತು ಹೆಸರು ಹೇಳಬಹುದು. ಇಲ್ಲಿ ಒಂದು ಹೆಸರಿಗೆ ಕನಿಷ್ಠ ನಾಲ್ಕು ಜಿಗಣೆ.

ಅಮ್ಮನ ಡೇರೆ ವಿದ್ಯೆಯನ್ನು ಸ್ವಲ್ಪ ಹೇಳಲೇಬೇಕು. ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಬುಡ ಅಗೆದು, ಗೆಡ್ಡೆಗಳನ್ನು ಮರಳು ತುಂಬಿದ ಬುಟ್ಟಿಯಲ್ಲಿ ಮಲಗಿಸಿ ಕತ್ತಲೆ ಕೋಣೆಯಲ್ಲಿ ಇಡುತ್ತಾಳೆ. ಮೇ ತಿಂಗಳ ಹೊತ್ತಿಗೆ ತೆಗೆದರೆ ಕೆಲವು ಮೊಳೆತಿರುತ್ತವೆ, ಕೆಲವು ಸುಕ್ಕಾಗಿರುತ್ತವೆ. ಗೆಡ್ಡೆ ಎಷ್ಟು ದಪ್ಪಗಿದೆ ಎಂಬುದು ಮುಖ್ಯವಲ್ಲ. ಅದರ ಕುತ್ತಿಗೆಯಲ್ಲಿ, ಹಳೇ ಕಾಂಡಕ್ಕೆ ಅಂಟಿದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಉಬ್ಬು ಇರಬೇಕು. ಅದು ಕಣ್ಣು. ಕಣ್ಣಿಲ್ಲದ ಗೆಡ್ಡೆಯನ್ನು ಎಷ್ಟು ಗೊಬ್ಬರ ಹಾಕಿ ನೆಟ್ಟರೂ ಮಣ್ಣೊಳಗೆ ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಅಪರೂಪದ ಬಣ್ಣವನ್ನು ಬಿಟ್ಟುಕೊಡಲು ಮನಸ್ಸಿಲ್ಲದ, ಇಲ್ಲವೆನ್ನಲು ಬಾಯೂ ಬಾರದ ಹೆಂಗಸರು ದಪ್ಪನೆಯದನ್ನೇ ಆರಿಸಿ, ಕಣ್ಣು ಬಿಟ್ಟು ಮುರಿದು ಕೊಡುತ್ತಾರಂತೆ. ಅಂಥ ಮೂವರ ಹೆಸರು ಅಮ್ಮನ ಬಾಯಲ್ಲಿದೆ. ಇಲ್ಲಿ ಬರೆಯುವಂತಿಲ್ಲ.

ನನಗೆ ಸಿಕ್ಕ ಮೊದಲ ಕಣ್ಣಿಲ್ಲದ ಗೆಡ್ಡೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. “ಅದನ್ನ ನೋಡದಿದ್ರೆ ನೀನು ಬದುಕಿದ್ದೇ ದಂಡ” ಎಂದಷ್ಟೇ ಹೇಳಿ ಗೆಳತಿ ಸುಮ್ಮನಾದಳು. ಅದರಲ್ಲಿ ಎರಡಿವೆ ಎಂದು ಹೇಳಲಿಲ್ಲ. 2003ರದು ಶುರುವಾದಾಗ ಹಿರೊಮು ಅರಕಾವಾ ಬರೆಯುತ್ತಿದ್ದ ಮಾಂಗಾ, ಅಂದರೆ ಮೂಲ ಚಿತ್ರಕತೆಯ ಪುಸ್ತಕ, ಇನ್ನೂ ಅರ್ಧದಲ್ಲಿತ್ತು. ಹಾಗಾಗಿ ಆನಿಮೆಯವರು ತಮ್ಮದೇ ದಾರಿ ಹಿಡಿದು ಬೇರೆ ಕಡೆ ಹೋಗಿ ಮುಗಿಸಿದರು. 2009ರ ‘ಬ್ರದರ್‌ಹುಡ್’ ಮೂಲ ಮಾಂಗಾದ ಹಾದಿಯಲ್ಲೇ ನಡೆಯುತ್ತದೆ. ನಾನು ಮೊದಲನೆಯದನ್ನು ನೋಡಿದೆ, ಅವಳು ಎರಡನೆಯದರ ಬಗ್ಗೆ ಮಾತಾಡಿದಳು. ಒಂದು ತಿಂಗಳು ಇಬ್ಬರೂ ಒಬ್ಬರನ್ನೊಬ್ಬರು ಮೂರ್ಖರೆಂದುಕೊಂಡು ಜಗಳವಾಡಿದೆವು. ಅಂದಿನಿಂದ ನನ್ನದೊಂದು ಪದ್ಧತಿ: ಹೆಸರು ಕೊಟ್ಟರೆ ಜೊತೆಗೆ ಯಾವುದರಿಂದ ಶುರುಮಾಡಬೇಕು, ಎಲ್ಲಿ ಬೇಜಾರಾಗುತ್ತದೆ, ಎಲ್ಲಿಯ ತನಕ ತಡೆದುಕೊಳ್ಳಬೇಕು, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡುವುದು.

ತಡೆದುಕೊಳ್ಳುವ ಲೆಕ್ಕ ಒಂದೊಂದಕ್ಕೆ ಒಂದೊಂದು. ಮೂರು ಎಪಿಸೋಡ್ ನೋಡಿ ಆಮೇಲೆ ಬಿಡು ಎನ್ನುವುದು ಆನಿಮೆ ಮಂದಿಯ ಸಾಮಾನ್ಯ ನಿಯಮ. ಎಯಿಚಿರೊ ಓಡಾನ ‘ಒನ್ ಪೀಸ್’ಗೆ ಈ ನಿಯಮ ನಡೆಯುವುದಿಲ್ಲ. 1997ರಲ್ಲಿ ಶುರುವಾದ ಮಾಂಗಾ ನೂರು ಸಂಪುಟ ದಾಟಿದರೂ ಮುಗಿದಿಲ್ಲ; ಆನಿಮೆ ಸಾವಿರ ಎಪಿಸೋಡ್ ದಾಟಿ ಯಾವ ಕಾಲವಾಯಿತೋ. “ಆರ್ಲಾಂಗ್ ಪಾರ್ಕ್ ತನಕ ನೋಡು” ಎನ್ನುತ್ತಾರೆ, ಅಂದರೆ ನಲವತ್ತರ ಮೇಲೆ ನಾಲ್ಕು. ಬೆಂಗಳೂರಿನ ಗೆಳೆಯರಿಗೆ ಇದು ಅನ್ಯಾಯವೆನಿಸುತ್ತದೆ. ತೋಟದವರಿಗೆ ಅನಿಸುವುದಿಲ್ಲ. ಕಾಫಿ ಸಸಿ ನೆಟ್ಟವರು ಮೂರು ನಾಲ್ಕು ವರ್ಷ ಫಸಲಿಲ್ಲದೆ ಕಳೆ ತೆಗೆಯುತ್ತಾರೆ. ನಮ್ಮ ತೋಟದ ರೈಟರ ಮಗ ಒಂದು ಮಳೆಗಾಲ, ಒಂದು ಚಳಿಗಾಲದಲ್ಲಿ ಮುನ್ನೂರು ಎಪಿಸೋಡ್ ಮುಗಿಸಿ ಬಂದು “ಈಗ ಹೂ ಬಿಟ್ಟದೆ ಅಕ್ಕ” ಎಂದ.

ನನ್ನ ತಪ್ಪುಗಳೂ ಇವೆ. ಮುಂಗಾರಿಗೆ ಮುಂಚೆ ನಮ್ಮ ಕಾಡಿನಲ್ಲಿ ಮಿಣುಕುಹುಳಗಳು ಮರಕ್ಕೆ ಮರವೇ ಹೊತ್ತಿಕೊಂಡಂತೆ ಮಿಣುಕುವ ಕಾಲವೊಂದಿದೆ. ಅಂಥ ಒಂದು ರಾತ್ರಿ ಊರಿಗೆ ಬಂದಿದ್ದ ಹೊಸ ಮದುವೆಯ ಅತ್ತಿಗೆಗೆ, ಸಂದರ್ಭಕ್ಕೆ ಒಪ್ಪುತ್ತದೆಂದು, ಇಸಾವೊ ತಕಾಹತಾನ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಹಾಕಿ ಕೊಟ್ಟೆ. ಯುದ್ಧಕಾಲದ ಜಪಾನಿನಲ್ಲಿ ಅನ್ನವಿಲ್ಲದೆ ಸೊರಗುವ ಅಣ್ಣ ತಂಗಿಯ ಕತೆ ಅದು. ಅತ್ತಿಗೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ “ಹೆಸರು ಹೇಳಿ ಮೋಸ ಮಾಡಿದ್ರಿ” ಎಂದರು. 1988ರ ಏಪ್ರಿಲ್‌ನಲ್ಲಿ ಜಪಾನಿನ ಥಿಯೇಟರುಗಳು ಇದೇ ಚಿತ್ರವನ್ನು ಮಿಯಾಜಾಕಿಯ ‘ಟೊಟೊರೊ’ ಜೊತೆ ಒಂದೇ ಟಿಕೆಟ್ಟಿಗೆ ತೋರಿಸಿದ್ದವು ಎಂದು ಆಮೇಲೆ ಓದಿದಾಗ, ನನ್ನಂಥ ಅಂದಾಜುಗೇಡಿಗಳು ಆ ಎರಡನ್ನೂ ಮಾಡಿದ ಸ್ಟುಡಿಯೋ ಘಿಬ್ಲಿಯಲ್ಲೂ ಇದ್ದರೆಂದು ಸಮಾಧಾನವಾಯಿತು. ಅತ್ತಿಗೆಗೆ ಟೊಟೊರೊ ತೋರಿಸಿ ರಾಜಿ ಮಾಡಿಕೊಂಡೆ.

ಮಂಕನಹಳ್ಳಿ ಹತ್ತಿರ ಒಂದು ದಿಣ್ಣೆಯಿದೆ. ಅದರ ಈಚೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ, ಆಚೆ ಬಿದ್ದದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ. ಒಂದೇ ಕತೆಯನ್ನು ಇಬ್ಬರಿಗೆ ಕೊಟ್ಟಾಗಲೂ ಹೀಗೇ ಆಗುವುದನ್ನು ಕಂಡಿದ್ದೇನೆ. ಹೀಗಾಗಿ ಕತೆಯ ಗುಣಕ್ಕಿಂತ ಮನುಷ್ಯನ ಇಳಿಜಾರು ಯಾವ ಕಡೆಗಿದೆ ಎಂದು ನೋಡುವುದೇ ಹೆಚ್ಚು. ನಿವೃತ್ತ ಮೇಷ್ಟ್ರೊಬ್ಬರಿಗೆ ಆನಿಮೆ ಎಂದರೆ ಕೂದಲು ನೆಟ್ಟಗೆ ನಿಂತ ಹುಡುಗರು ಕಿರುಚಾಡುವುದು. ಅವರ ಕಪಾಟಿನಲ್ಲಿ, ಎಷ್ಟೋ ಕನ್ನಡ ಮೇಷ್ಟ್ರುಗಳ ಕಪಾಟಿನಲ್ಲಿರುವಂತೆ, ಕನ್ನಡದ ‘ತೊತ್ತೋ-ಚಾನ್’ ಇತ್ತು. ರೈಲು ಬೋಗಿಗಳೇ ತರಗತಿಗಳಾಗಿದ್ದ ತೊಮೊಯೆ ಶಾಲೆಯ ಕತೆಯನ್ನು ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದದ್ದು. “ಸಾರ್, ಅದು 2023ರಲ್ಲಿ ಆನಿಮೆ ಸಿನಿಮಾ ಆಗಿದೆ” ಎಂದು ಮಾತ್ರ ಹೇಳಿದೆ, ನೋಡಿ ಎನ್ನಲಿಲ್ಲ. ಎರಡು ದಿನ ಬಿಟ್ಟು ಅವರೇ “ಆ ಹುಡುಗೀದು ಎಲ್ಲಿ ಸಿಗುತ್ತಮ್ಮ?” ಎಂದು ಕೇಳುತ್ತ ಮನೆ ಬಾಗಿಲಿಗೆ ಬಂದರು.

ನಾನು ಕೊಟ್ಟ ಗೆಡ್ಡೆಗಳಲ್ಲಿ ಅತಿ ಚೆನ್ನಾಗಿ ಬಂದದ್ದು ಮಾತ್ರ ಅಜ್ಜಿಗೆ ಕೊಟ್ಟದ್ದು, ಅದೂ ಕೊಡಬೇಕೆಂದು ಕೊಟ್ಟದ್ದಲ್ಲ. ಒಂದು ಪುನರ್ವಸು ಮಳೆಯ ರಾತ್ರಿ, ಕರೆಂಟಿಲ್ಲ, ಒಲೆಯ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ‘ಮುಶಿಶಿ’ ನೋಡುತ್ತಿದ್ದೆ. ಯುಕಿ ಉರುಶಿಬಾರಾ ಬರೆದ ಮಾಂಗಾ, 2005ರಲ್ಲಿ ಆನಿಮೆಯಾದದ್ದು. ಗಿಂಕೊ ಎಂಬ ಬಿಳಿಗೂದಲಿನ ಅಲೆಮಾರಿ ಬೆನ್ನ ಮೇಲೆ ಮರದ ಪೆಟ್ಟಿಗೆ ಹೊತ್ತು ಕಾಡು ಹಳ್ಳಿಗಳಲ್ಲಿ ತಿರುಗುತ್ತಾನೆ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ ಮುಶಿ ಎಂಬ ಜೀವಗಳು ಜನರಿಗೆ ಕೊಡುವ ಕಾಟವನ್ನು ನಿವಾರಿಸುವುದು ಅವನ ಕೆಲಸ. ಅಜ್ಜಿ ಅಡಿಕೆ ಕುಟ್ಟುತ್ತ ಪಕ್ಕಕ್ಕೆ ಬಂದು ಕೂತಳು.

“ಇವ ಯಾಕೆ ಇಷ್ಟು ಬೀಡಿ ಸೇದ್ತಾನೆ?”

“ಹೊಗೆಗೆ ಮುಶಿ ಹತ್ರ ಬರಲ್ಲ ಅಜ್ಜಿ.”

“ಬರಲ್ಲ ಮತ್ತೆ. ಹೊಗೆಸೊಪ್ಪು ನೆನೆಸಿದ ನೀರು ಕಾಲಿಗೆ ಹಚ್ಕಂಡ್ರೆ ಜಿಗಣೆ ಬರ್ತದಾ?”

ಮೂರನೆಯ ಎಪಿಸೋಡು. ಹಿಮ ಮುಚ್ಚಿದ ಒಂದು ಹಳ್ಳಿ; ಸದ್ದನ್ನು ತಿನ್ನುವ ಮುಶಿ ಜನರ ಕಿವಿಯೊಳಗೆ ಸೇರಿಕೊಂಡು ಅವರಿಗೆ ಕೇಳಿಸದಂತಾಗಿದೆ. ಬಸವನಹುಳದ ಹಾಗಿರುವ ಜೀವ ಎಂದು ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಜ್ಜಿ ಕುಟ್ಟಾಣಿ ಕೆಳಗಿಟ್ಟಳು. “ಬಸವನಹುಳ ಅಂದ್ಮೇಲೆ ಉಪ್ಪುನೀರು ಬಿಡಕ್ಕೆ ಹೇಳು ಅವಂಗೆ.” ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ಗಿಂಕೊ ಉಪ್ಪುನೀರನ್ನೇ ತೆಗೆದು ಕಿವಿಗೆ ಬಿಟ್ಟ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಡಿಕೆ ಬಾಯಿಗೆ ಹಾಕಿಕೊಂಡು, ಒಬ್ಬ ನಾಟಿವೈದ್ಯ ಇನ್ನೊಬ್ಬ ನಾಟಿವೈದ್ಯನನ್ನು ಒಪ್ಪಿಕೊಳ್ಳುವ ಗತ್ತಿನಲ್ಲಿ “ಗೊತ್ತದೆ ಇವಂಗೆ” ಎಂದಳು. ಆ ಮಳೆಗಾಲ ಇಪ್ಪತ್ತಾರೂ ಎಪಿಸೋಡ್ ನೋಡಿದೆವು. ಅಜ್ಜಿಯ ಎಡಗಿವಿ ಕೇಳಿಸುವುದಿಲ್ಲವಾದ್ದರಿಂದ ನಾನು ಬಲಗಡೆ ಕೂರಬೇಕಿತ್ತು. ಜಪಾನಿ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್, ಅದಕ್ಕೆ ನನ್ನ ಕನ್ನಡ, ಅದರ ಮೇಲೆ ಅಜ್ಜಿಯ ತಿದ್ದುಪಡಿ. ಮಳೆಗಾಲದ ರಾತ್ರಿ ಕೊಳೆತ ಮರದ ತುಂಡು ಹಸಿರಾಗಿ ಹೊಳೆಯುವುದನ್ನು ಅವಳು ಕಂಡಿದ್ದಾಳೆ. ಮುಶಿ ಇದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೆ ಒಂದು ದಿನವೂ ಬರಲಿಲ್ಲ. ಮನಸ್ಸಿಗೆ ಹಾಯೆನಿಸುವ ಇಂಥ ಕತೆಗಳಿಗೆ ಜಪಾನಿನಲ್ಲಿ ‘ಇಯಾಶಿಕೆಯಿ’ ಎಂಬ ಬೇರೆಯೇ ಹೆಸರಿದೆ ಎಂದಾಗ “ಕಷಾಯಕ್ಕೂ ಹೆಸರಿಡ್ತಾರಾ” ಎಂದಳು.

ನನ್ನ ಈ ಕನ್ನಡ ‘ಡಬ್ಬಿಂಗ್’ಗೆ ಸದ್ಯಕ್ಕೆ ಪೈಪೋಟಿಯಿಲ್ಲ. 1992ರಲ್ಲಿ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಮೊದಲಾದವರು ಸೇರಿ ಮಾಡಿದ ರಾಮಾಯಣದ ಆನಿಮೆ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಾಗ ರಾಮ ಹಿಂದಿ, ತಮಿಳು, ತೆಲುಗು ಮಾತಾಡಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕಾಸಲ್’ ಬಂದಾಗ ಅದರ ನಾಯಕ ತಾಂಜಿರೊ ಕೂಡ ಅವೇ ಮೂರನ್ನು ಕಲಿತಿದ್ದ. ಚಿತ್ರಕತೆಯ ವಿಷಯದಲ್ಲಿ ನಾವು ಹಿಂದೆ ಬಿದ್ದವರೇನಲ್ಲ. ಅಮರ ಚಿತ್ರ ಕಥೆ ಮೊದಲು ಹೊರಟದ್ದೇ 1965ರಲ್ಲಿ, ಬೆಂಗಳೂರಿನಿಂದ, ಜಿ.ಕೆ. ಅನಂತರಾಮ್ ಅವರ ಕನ್ನಡ ಪುಸ್ತಕಗಳಾಗಿ. ಇಂಗ್ಲಿಷಿನ ‘ಕೃಷ್ಣ’ ಬಂದದ್ದು ಆಮೇಲೆ. ಈ ವಿಷಯ ಹೇಳಿದಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಯುರಿಯುತ್ತದೆ. ಹೋಗಲಿ.

ಮಾಂಗಾ ಪುಸ್ತಕಗಳದು ಇನ್ನೊಂದು ಕಷ್ಟ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನಲ್ಲಿ ಒಂದೆರಡು ಕೊಂಡು ತರುತ್ತೇನೆ. ಆಷಾಢದಲ್ಲಿ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುವುದರಿಂದ ಒಲೆಯ ಮೇಲಿನ ಅಟ್ಟವೇ ಅವುಗಳ ಜಾಗ. ನನ್ನಿಂದ ಓದಲು ಒಯ್ದವರೆಲ್ಲ ಮಾಂಗಾ ಎಂದರೆ ಹೊಗೆಯ ವಾಸನೆ ಇರಲೇಬೇಕು ಎಂದುಕೊಂಡಿದ್ದಾರೆ. ರೈಟರ ಮಗ ಮೊದಲ ಸಲ ಒಯ್ದವನು ನಮ್ಮ ರೂಢಿಯಂತೆ ಎಡಗಡೆಯಿಂದ ತೆರೆದ. ಹಾಗೆ ತೆರೆಯುವವರಿಗೆಂದೇ ‘ತಪ್ಪು ಕಡೆಯಿಂದ ಓದುತ್ತಿದ್ದೀರಿ’ ಎಂಬ ಎಚ್ಚರಿಕೆಯ ಪುಟ ಅಲ್ಲಿರುತ್ತದೆ. ಅದನ್ನು ಕತೆಯ ಭಾಗವೆಂದು ತಿಳಿದು ಮುಂದಕ್ಕೆ ಹೋದ. ಕೊನೆಯ ಪುಟದಿಂದ ಮೊದಲಿನವರೆಗೆ ಓದಿ ತಂದುಕೊಟ್ಟು, “ಸತ್ತವರೆಲ್ಲ ಎದ್ದು ಬರ್ತಾರೆ ಅಕ್ಕ, ಚೆನ್ನಾಗದೆ” ಎಂದ. ಅವನ ಖುಷಿ ನೋಡಿ, ಬಲದಿಂದ ಎಡಕ್ಕೆ ಓದಬೇಕೆಂದು ಹೇಳಲು ಒಂದು ವಾರ ಮನಸ್ಸು ಬರಲಿಲ್ಲ.

ಮೊನ್ನೆ ಜೂನಿನಲ್ಲಿ ಸಂಜೆ ಬಸ್ಸಿನ ಕಂಡಕ್ಟರು ಒಂದು ಕಟ್ಟು ಇಳಿಸಿ ಹೋದರು, ಹಾಸನದಿಂದ. ಪ್ಲಾಸ್ಟಿಕ್ಕಿನೊಳಗೆ ಒಂದು ಮಾಂಗಾ, ಮಡಿಚಿದ ಚೀಟಿ, ಮತ್ತೆ ಪೇಪರಿನಲ್ಲಿ ಸುತ್ತಿದ ಒಂದು ಗೆಡ್ಡೆ. ಚೀಟಿಯಲ್ಲಿ ತಂಗಿ ಬರೆದಿದ್ದಳು: ‘ನಾತ್ಸುಮೆ. ನಿಧಾನ ಇದೆ, ಬೈಬೇಡ. ಅಜ್ಜಿ ಜೊತೆ ಓದು, ಇದರಲ್ಲೂ ಒಬ್ಬಳು ಅಜ್ಜಿ ಇದ್ದಾಳೆ. ಗೆಡ್ಡೆ ದೊಡ್ಡಮ್ಮಂಗೆ.’

ಅಮ್ಮ ಗೆಡ್ಡೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಕುತ್ತಿಗೆಯ ಮಣ್ಣು ಉಜ್ಜಿದಳು. “ಕಣ್ಣದೆ,” ಎಂದಳು. ಆಮೇಲೆ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿದಳು.

“ಯಾವ ಬಣ್ಣ ಅಂತ ಬರ್ದೇ ಇಲ್ವಲ್ಲೇ?”

“ಬರೆದ್ರೆ ಸ್ಪಾಯ್ಲರ್ ಆಗುತ್ತಮ್ಮ.”

ಅಮ್ಮ ಆಗಲೇ ಗುದ್ದಲಿ ಹುಡುಕುತ್ತ ಕೊಟ್ಟಿಗೆ ಕಡೆ ಹೋಗಿದ್ದಳು.