ಪಿಯಾನೋ ಹತ್ತಿದ ಮೆಟ್ಟಲುಗಳು

ಅಮೆರಿಕಾದ ಪಶ್ಚಿಮ ತೀರದಲ್ಲಿರುವ ಲಾಸ್ ಏಂಜಲೀಸ್ ನಗರವು ಚಲಚ್ಚಿತ್ರಗಳ ತವರೂರೆಂದು ಪ್ರಸಿದ್ಧವಾಗಿರುವುದಷ್ಟೆ. ಅಲ್ಲಿಗೆ ಹೋದವರು ಹಾಲಿವುಡ್ಡಿನ ಕಾಲುದಾರಿಯಲ್ಲಿ ನಟನಟಿಯರ ಹೆಸರುಗಳನ್ನು ಕೂಡಿಸಿರುವ ನಕ್ಷತ್ರಗಳನ್ನೂ, ಗುಡ್ಡದ ಮೇಲೆ ನಿಲ್ಲಿಸಿರುವ ದೊಡ್ಡ ಬಿಳಿಯ ಅಕ್ಷರಗಳನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಆದರೆ ಅದೇ ಊರಿನ ಸಿಲ್ವರ್ ಲೇಕ್ ಎಂಬ ಭಾಗದಲ್ಲಿ, ಟಿಕೆಟ್ಟಿಲ್ಲದ, ಕಾವಲುಗಾರನಿಲ್ಲದ, ಅಲಂಕಾರವೇನೂ ಇಲ್ಲದ ಸ್ಥಳವೊಂದುಂಟು. ಅಲ್ಲಿ ನೋಡುವುದಕ್ಕೆ ಇರುವುದು ಬರಿಯ ಸಿಮೆಂಟಿನ ಮೆಟ್ಟಲುಗಳು. ಆದರೂ ನಗುವುದನ್ನು ಬಲ್ಲ ಜನರು ದೂರದೂರದ ದೇಶಗಳಿಂದ ಹುಡುಕಿಕೊಂಡು ಬಂದು ಇವನ್ನು ಹತ್ತಿ ಹೋಗುತ್ತಾರೆ.

ಸನ್‌ಸೆಟ್ ಬುಲೆವಾರ್ಡ್ ಎಂಬ ಹಿರಿಯ ರಸ್ತೆಯನ್ನು ಬಿಟ್ಟು ವೆಂಡೋಮ್ ಬೀದಿಗೆ ಹೊರಳಿ ಸ್ವಲ್ಪ ದೂರ ನಡೆದರೆ ಮೆಟ್ಟಲುಗಳ ಬುಡ ಸಿಕ್ಕುವುದು. ಅಲ್ಲಿಂದ ಮೇಲಿನ ಡೆಸ್ಕಾನ್ಸೋ ರಸ್ತೆಯವರೆಗೆ 133 ಮೆಟ್ಟಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಲು ಹತ್ತಿದವರಿಗೆ ಇದು ಲೆಕ್ಕಕ್ಕೆ ಬಾರದು. ಆದರೆ ನೇರವಾಗಿ ಏರುವ ಇಕ್ಕಟ್ಟಾದ ದಾರಿ. ಕೆಳಗೆ ನಿಂತು ನೋಡಿದರೆ ತುದಿಯು ಬಹಳ ಮೇಲೆ ಕಾಣುವುದು. ಈ ನಗರದ ಗುಡ್ಡಗಳಲ್ಲಿ ಇಂತಹ ಮೆಟ್ಟಲುದಾರಿಗಳು ಅನೇಕ. ಮನೆಮನೆಗೂ ಮೋಟಾರು ಬರುವುದಕ್ಕೆ ಮೊದಲು, ಗುಡ್ಡದ ಮೇಲೆ ಮನೆ ಕಟ್ಟಿಕೊಂಡವರು ಕೆಳಗಿನ ಟ್ರಾಮ್ ಗಾಡಿಯನ್ನು ಹಿಡಿಯಲು ಇಳಿದು ಬರುತ್ತಿದ್ದ ದಾರಿಗಳಿವು. ಒಂದು ಕಾಲದಲ್ಲಿ ಇಲ್ಲಿ ಎಡಬಲಗಳಲ್ಲಿ ಹೆಚ್ಚಾಗಿ ಬಯಲೇ ಇತ್ತು. ಈಗ ಮನೆಗಳೂ ಮರಗಿಡಗಳೂ ಒತ್ತಿಕೊಂಡಿವೆ. ಬುಡದಲ್ಲಿ ಒಂದು ಚಿಕ್ಕ ಫಲಕವೂ, ಬೀದಿಯ ಕಂಬದಲ್ಲಿ ಈ ಮೆಟ್ಟಲುಗಳ ಹೆಸರೂ ಇಲ್ಲದಿದ್ದರೆ, ಇಲ್ಲಿ ಏನು ನಡೆಯಿತೆಂಬುದು ದಾರಿಹೋಕರಿಗೆ ತಿಳಿಯುವಂತಿಲ್ಲ.

ಇಲ್ಲಿ ನಡೆದುದು ಇಷ್ಟೆ: 1932ರಲ್ಲಿ ತೆರೆಗೆ ಬಂದ ‘ದಿ ಮ್ಯೂಸಿಕ್ ಬಾಕ್ಸ್’ ಎಂಬ ಅರ್ಧ ಗಂಟೆಯ ಚಿತ್ರದಲ್ಲಿ, ಸ್ಟ್ಯಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ಎಂಬ ಇಬ್ಬರು ಮಹಾಶಯರು ಒಂದು ಪಿಯಾನೋ ವಾದ್ಯವನ್ನು ಈ ಮೆಟ್ಟಲುಗಳ ಮೇಲಕ್ಕೆ ಹೊತ್ತರು. ಒಬ್ಬನು ತೆಳ್ಳನೆಯವನು, ಮತ್ತೊಬ್ಬನು ಸ್ಥೂಲಕಾಯನು. ಇಂದಿಗೂ ನಮ್ಮ ಊರುಗಳಲ್ಲಿ ಕಡ್ಡಿಯಂತಹ ಗೆಳೆಯನೂ ಗುಡಾಣದಂತಹ ಗೆಳೆಯನೂ ಜತೆಯಾಗಿ ನಡೆದರೆ, ‘ಬಂತಪ್ಪ, ಲಾರೆಲ್ ಹಾರ್ಡಿ ಜೋಡಿ’ ಎನ್ನುವವರುಂಟು. ಆ ಮಾತಿನ ಮೂಲಪುರುಷರು ಇವರೇ.

ಕಥೆಯನ್ನು ಕೇಳಿ. ಪ್ರೊಫೆಸರರೊಬ್ಬರ ಹೆಂಡತಿಯು ಗಂಡನ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಪಿಯಾನೋ ಕೊಂಡು, ಮನೆಗೆ ಮುಟ್ಟಿಸಲು ಹೇಳುತ್ತಾಳೆ. ನಮ್ಮ ಜೋಡಿಯು ಕುದುರೆಗಾಡಿಯಲ್ಲಿ ಅದನ್ನು ತರುತ್ತದೆ. ಮನೆಯೆಲ್ಲಿ ಎಂದರೆ ಮೆಟ್ಟಲುಗಳ ತುದಿಯಲ್ಲಿ! ಅರ್ಧ ಹತ್ತಿಸುವಷ್ಟರಲ್ಲಿ ಮಗುವಿನ ತಳ್ಳುಗಾಡಿಯೊಂದಿಗೆ ದಾದಿಯೊಬ್ಬಳು ಎದುರಾಗುತ್ತಾಳೆ. ಅವಳಿಗೆ ದಾರಿ ಬಿಡಹೋದರೆ ಪಿಯಾನೋ ಗಡಗಡನೆ ಕೆಳಗೆ. ಮತ್ತೆ ಹತ್ತಿಸುವಾಗ ಪೊಲೀಸಿನವನ ಕರೆ; ಮತ್ತೆ ಕೆಳಗೆ. ಸಿಡುಕಿನ ಪ್ರೊಫೆಸರರು ಬಂದು ತಮಗೆ ದಾರಿ ಬಿಡಬೇಕೆಂದು ಗದರಿಸಿದರೆ, ಅವರ ಟೋಪಿಯು ಮೆಟ್ಟಲುರುಳಿ ಬೀದಿಯ ಗಾಡಿಯೊಂದಕ್ಕೆ ಬಲಿಯಾಗುತ್ತದೆ. ಅಂತೂ ಮೇಲೆ ಮುಟ್ಟಿದಾಗ ಅಂಚೆಯವನು ಬಂದು, ‘ಇದೇಕೆ ಇಷ್ಟು ಕಷ್ಟಪಟ್ಟಿರಿ? ಹಿಂದಿನಿಂದ ಗಾಡಿಯ ದಾರಿಯೇ ಇದೆಯಲ್ಲ’ ಎಂಬ ಭಾವದ ಮಾತನ್ನಾಡುತ್ತಾನೆ. ಬುದ್ಧಿವಂತರಾದರೆ ಇದನ್ನು ಕೇಳಿ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಇವರೋ, ಹತ್ತಿಸಿದ ಪಿಯಾನೋವನ್ನು ಪುನಃ ಕೆಳಕ್ಕಿಳಿಸಿ, ಗಾಡಿಗೇರಿಸಿ, ಸರಿಯಾದ ದಾರಿಯಿಂದ ತರುತ್ತಾರೆ! ಕೊನೆಗೆ ಪಿಯಾನೋ ಮನೆಯೊಳಗೆ ಸೇರುವುದು. ಪಿಯಾನೋ ಎಂದರೆ ಆಗದ ಪ್ರೊಫೆಸರರು ಕೊಡಲಿ ಹಿಡಿದು ಅದನ್ನು ಚೂರುಚೂರು ಮಾಡುವರು. ಆ ವರ್ಷವೇ ಮೊದಲುಗೊಂಡ, ಕಿರುಹಾಸ್ಯಚಿತ್ರಗಳಿಗೆ ಮೀಸಲಾದ ಅಕಾಡೆಮಿ ಬಹುಮಾನವು ಈ ಚಿತ್ರಕ್ಕೇ ಸಂದಿತು.

ಬಿದ್ದು ಎದ್ದು ನಗಿಸುವ ಈ ಬಗೆಗೆ ಇಂಗ್ಲಿಷಿನಲ್ಲಿ ಸ್ಲ್ಯಾಪ್‌ಸ್ಟಿಕ್ ಎನ್ನುವರು. ಎರಡು ತೆಳು ಹಲಗೆಗಳನ್ನು ಜೋಡಿಸಿದ ಕೋಲು ಅದು. ಇಟಲಿಯ ಹಳೆಯ ನಾಟಕದ ವಿದೂಷಕರು ಅದರಿಂದ ಹೊಡೆದರೆ ಸದ್ದು ಬಹಳ, ಪೆಟ್ಟು ಸ್ವಲ್ಪ. ಇಂತಹ ಹಾಸ್ಯವು ಕೀಳುತರದ್ದೆಂದು ಮೂಗು ಮುರಿಯುವವರುಂಟು. ಆದರೆ ಬರಿಯ ಬೀಳುವಿಕೆಯಲ್ಲಿ ನಗೆಯಿಲ್ಲ. ಹಾರ್ಡಿಯು ಬಿದ್ದ ಮೇಲೆ ಮೆಲ್ಲನೆ ತಲೆಯೆತ್ತಿ, ‘ನೋಡಿದಿರಾ, ಇಂಥವನನ್ನು ಕಟ್ಟಿಕೊಂಡು ಬಾಳಬೇಕಲ್ಲ’ ಎಂಬಂತೆ ನಮ್ಮನ್ನೇ ನೋಡುವನು. ಲಾರೆಲನು ತಲೆಗೂದಲನ್ನು ಕೆರೆದುಕೊಂಡು ಅಳುಮೋರೆ ಮಾಡುವನು. ನಗೆ ಹುಟ್ಟುವುದು ಅಲ್ಲಿ. ಎಷ್ಟು ಜಗಳವಾಡಿದರೂ ಒಬ್ಬನು ಇನ್ನೊಬ್ಬನನ್ನು ಬಿಟ್ಟು ಹೋಗನು. ಪಿಯಾನೋವಿನ ಮತ್ತೊಂದು ತುದಿಗೆ ಕೈ ಕೊಡುವವನು ಅವನೇ.

ಇದನ್ನು ಸಿನಿಮಾ ಮಂದಿರಗಳಲ್ಲಿ ನೋಡಿದ ತಲೆಮಾರು ಮುಗಿಯುತ್ತ ಬಂದಂತೆ, ಈ ಚಿತ್ರಗಳು ಟೆಲಿವಿಷನ್ ಪೆಟ್ಟಿಗೆಯ ಮೂಲಕ ಮನೆಗಳನ್ನು ಹೊಕ್ಕವು. ಅಮೆರಿಕಾದಲ್ಲಿ 1950ರ ದಶಕದ ಮಕ್ಕಳು ಇವರನ್ನು ಕಂಡುದು ಹೀಗೆ. ನಮ್ಮಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರಿನಲ್ಲಿ ಆರಂಭವಾಯಿತು. ಬೀದಿಗೊಂದು ಪೆಟ್ಟಿಗೆಯಿದ್ದ ಆ ಕಾಲದಲ್ಲಿ, ನೆರೆಮನೆಯವರ ನಡುಮನೆಯೇ ಮಕ್ಕಳ ಚಿತ್ರಮಂದಿರ. ಹಿರಿಯರು ಕುರ್ಚಿಗಳಲ್ಲಿ, ಮಕ್ಕಳು ಚಾಪೆಯ ಮೇಲೆ. ಒಬ್ಬನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ ‘ಈಗ ಬಂತೇ?’ ಎಂದು ಕೂಗುವುದು, ಕೆಳಗಿನವರು ‘ಬಂತು, ಹೋಯಿತು’ ಎಂದು ಉತ್ತರಿಸುವುದು! ಚಾಪ್ಲಿನ್ ಮಹಾಶಯನೂ ಲಾರೆಲ್ ಹಾರ್ಡಿಯರೂ ತೆರೆಯ ಮೇಲೆ ಬಂದರೆ ಭಾಷೆಯ ತೊಡಕಿರಲಿಲ್ಲ. ಇಂಗ್ಲಿಷು ಬಾರದ ಅಜ್ಜಿಯೂ, ಅಕ್ಷರ ಕಲಿಯದ ಮೊಮ್ಮಗುವೂ ಒಂದೇ ಕ್ಷಣದಲ್ಲಿ ನಗುತ್ತಿದ್ದರು. ಒಂದು ಮನೆಯ ಮೂರು ತಲೆಮಾರು ಒಟ್ಟಿಗೆ ಕುಳಿತು ಒಂದೇ ಮಾತಿಗೆ ನಗುವುದು ಎಷ್ಟು ದೊಡ್ಡ ಭಾಗ್ಯವೆಂಬುದು, ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತೆರೆ ಬಂದ ಮೇಲೆ ತಿಳಿಯುತ್ತಿದೆ.

ಹೀಗೆ ಲೋಕವೆಲ್ಲ ನಕ್ಕಿತು. ನಗಿಸಿದವರಿಗೆ ಏನು ಬಂತು? ಚಿತ್ರಗಳ ಒಡೆತನವು ಅವರದಾಗಿರಲಿಲ್ಲ. ನಟಿಸಿದಾಗ ಸಂಬಳ ದೊರಕಿತ್ತು. ಟೆಲಿವಿಷನ್ನಿನಲ್ಲಿ ಅವೇ ಚಿತ್ರಗಳು ಮತ್ತೆ ಮತ್ತೆ ಬಂದಾಗ ಈ ಇಬ್ಬರಿಗೆ ಒಂದು ಕಾಸೂ ಬರಲಿಲ್ಲ. ಹಾರ್ಡಿಯು 1957ರ ಆಗಸ್ಟಿನಲ್ಲಿ ತೀರಿಕೊಂಡನು. ಲಾರೆಲನು ತನ್ನ ಕಾಯಿಲೆಯ ದೆಸೆಯಿಂದ ಗೆಳೆಯನ ಅಂತ್ಯಕ್ರಿಯೆಗೂ ಹೋಗಲಾರದೆ ಹೋದನು. ಆ ಮೇಲೆ ಒಂಟಿಯಾಗಿ ನಟಿಸಲು ಒಪ್ಪಲೇ ಇಲ್ಲ.

ಮೆಟ್ಟಲುಗಳನ್ನು ನೋಡಿದವರು ನಗರವನ್ನು ದಾಟಿ ಪಶ್ಚಿಮಕ್ಕೆ ಕಡಲ ದಂಡೆಯವರೆಗೆ ಹೋದರೆ ಸಾಂತಾ ಮೋನಿಕಾ ಸಿಕ್ಕುವುದು. ಅಲ್ಲಿ ಸಮುದ್ರಕ್ಕೆ ಎದುರಾದ ಓಷನಾ ಎಂಬ ಕಟ್ಟಡದ ಪುಟ್ಟ ಬಿಡಾರದಲ್ಲಿ ಲಾರೆಲನು ಕೊನೆಯ ವರ್ಷಗಳನ್ನು ಕಳೆದನು. ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ 1890ರಲ್ಲಿ ಹುಟ್ಟಿ, 1910ರಲ್ಲಿ ಚಾಪ್ಲಿನ್ನನಿದ್ದ ನಾಟಕ ಕಂಪೆನಿಯೊಂದಿಗೇ ಅಮೆರಿಕಾಕ್ಕೆ ಬಂದ ಆ ಹಿರಿಯನು ತನ್ನ ದೂರವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಸಿಕ್ಕುವಂತೆ ಡೈರೆಕ್ಟರಿಯಲ್ಲಿ ಅಚ್ಚು ಹಾಕಿಸಿದ್ದನು. ಟೆಲಿವಿಷನ್ನಿನ ಮುಂದೆ ಕುಳಿತು ನಕ್ಕ ಹುಡುಗರು ಕರೆ ಮಾಡಿದರೆ ತಾನೇ ಮಾತನಾಡುವನು. ಬಂದರೆ ಬಾಗಿಲು ತೆರೆಯುವನು. ಕಾಗದ ಬರೆದರೆ ತಾನೇ ಟೈಪು ಮಾಡಿ ಉತ್ತರ ಕಳಿಸುವನು. ಹೀಗೆ ಡೈರೆಕ್ಟರಿಯಲ್ಲಿ ಹುಡುಕಿ ಪರಿಚಯ ಮಾಡಿಕೊಂಡವರಲ್ಲಿ ಹಾಸ್ಯನಟ ಡಿಕ್ ವ್ಯಾನ್ ಡೈಕನೂ ಒಬ್ಬನು. 1965ರ ಫೆಬ್ರವರಿಯಲ್ಲಿ ಲಾರೆಲನು ತೀರಿಕೊಂಡಾಗ ಶ್ರದ್ಧಾಂಜಲಿಯ ಮಾತನ್ನಾಡಿದವನು ಅವನೇ. ಹಣ ಕೊಡದೆ ನಕ್ಕವರ ಮೇಲೆ ಈ ಮುದುಕನಿಗೆ ಸಿಟ್ಟಿರಲಿಲ್ಲ. ಆದರೆ ಆತನಿಗೆ ಸಿಟ್ಟಿರಲಿಲ್ಲವೆಂದ ಮಾತ್ರಕ್ಕೆ ನಮ್ಮ ಋಣವು ಹರಿಯಿತೆನ್ನಲಾಗದು.

ಆ ಋಣವನ್ನು ನೆನೆಯಲು ಉಳಿದಿರುವ ಗುರುತುಗಳೂ ಹೆಚ್ಚಲ್ಲ. ಕಲ್ವರ್ ಸಿಟಿಯಲ್ಲಿದ್ದ ಹಾಲ್ ರೋಚನ ಚಿತ್ರಶಾಲೆಯನ್ನು 1963ರಲ್ಲಿ ಕೆಡವಿದರು. ಪ್ರೊಫೆಸರರ ಮನೆಯೆಂದು ನಾವು ನಂಬಿದ್ದು ಅಲ್ಲಿ ಕಟ್ಟಿದ ನಾಟಕದ ಮನೆ, ಅದೂ ಹೋಯಿತು. ಇದೇ ಮೆಟ್ಟಲುಗಳ ಮೇಲೆ ಬಟ್ಟೆ ಒಗೆಯುವ ಯಂತ್ರವನ್ನು ಹೊತ್ತ ಕಥೆಯಾದ ‘ಹ್ಯಾಟ್ಸ್ ಆಫ್’ ಎಂಬ 1927ರ ಮೂಕಚಿತ್ರದ ಒಂದು ಪ್ರತಿಯೂ ಸಿಕ್ಕಿಲ್ಲ. ಮೆಟ್ಟಲುಗಳು ಮಾತ್ರ ಉಳಿದಿವೆ. ತುದಿಯವರೆಗೆ ಹತ್ತಿದವನಿಗೆ ಅಲ್ಲಿ ಚಿತ್ರದ ಮನೆಯೂ ಇಲ್ಲ, ಕೊಳವೂ ಇಲ್ಲ. ಇರುವುದು ಸಾಮಾನ್ಯವಾದ ಒಂದು ರಸ್ತೆ. ಅಂಚೆಯವನು ಹೇಳಿದ್ದು ನಿಜವೇ: ಗಾಡಿಯಲ್ಲಿಯೂ ಇಲ್ಲಿಗೆ ಬರಬಹುದು!

ಅತ್ತ ಹೋಗುವ ಅವಕಾಶವಿರುವವರು ತಂಪು ಹೊತ್ತಿನಲ್ಲಿ ಹೋಗುವುದು ಲೇಸು. ಇಕ್ಕೆಲಗಳಲ್ಲಿ ಸಂಸಾರಸ್ಥರ ಮನೆಗಳಿರುವುದರಿಂದ ಗದ್ದಲ ಮಾಡಬಾರದು. ಹೋಗಲಾರದವರೂ ಚಿಂತಿಸಬೇಕಾದುದಿಲ್ಲ. ಒಂದು ಸಂಜೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಆ ಅರ್ಧ ಗಂಟೆಯ ಚಿತ್ರವನ್ನು ಹಾಕಿ ತೋರಿಸಲಿ. ಪಿಯಾನೋ ಮೊದಲ ಸಲ ಕೆಳಗುರುಳಿದಾಗ ಮಕ್ಕಳು ನಗುವರು. ಮೂರನೆಯ ಸಲ ಆ ಇಬ್ಬರೂ ತುಟಿಪಿಟಕ್ಕೆನ್ನದೆ ಮತ್ತೆ ಎರಡು ತುದಿಗೆ ಕೈ ಹಚ್ಚುವುದನ್ನು ಕಂಡಾಗ, ಸಂಸಾರದ ಭಾರವನ್ನು ಜತೆಯಾಗಿ ಹೊತ್ತು ಬಂದ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿ ನಗುವರು.